ಗಟ್ಟಿ ಕಲ್ಲು ‘ಹರಿಯುತ್ತದೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲ್ ಮಕ್ಕಳಿಗೆಂದು ಒಂದು ಲೇಖನ ಬರೆಯುತ್ತಿದ್ದೇನೆ. ಒಂದೇ ಒಂದು ಕ್ರಿಯಾಪದದ ಹತ್ತಿರ ಗಾಡಿ ನಿಂತುಬಿಟ್ಟಿದೆ.

ಶ್ರೀಲಂಕಾದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ, ಗುರುತ್ವ ಕಡಿಮೆ ಇರುವ ದೊಡ್ಡ ಜಾಗವಿದೆ. ಅಲ್ಲಿ ಸಮುದ್ರದ ಮಟ್ಟ ಲೆಕ್ಕದಂತೆ ಇರಬೇಕಾದ್ದಕ್ಕಿಂತ ಸುಮಾರು 106 ಮೀಟರ್ ಕೆಳಗಿದೆ. ಯಾಕೆ ಹೀಗೆ ಅಂತ ಬೆಂಗಳೂರಿನ ಐಐಎಸ್‌ಸಿಯ ದೇಬಾಂಜನ್ ಪಾಲ್ ಮತ್ತು ಅತ್ರೇಯಿ ಘೋಷ್ ಮ್ಯಾಂಟಲಿನ, ಅಂದರೆ ಭೂಮಿಯ ಹೊರಚಿಪ್ಪಿಗೂ ಗರ್ಭಕ್ಕೂ ನಡುವಿನ ದಪ್ಪ ಕಲ್ಲಿನ ಪದರದ, 14 ಕೋಟಿ ವರ್ಷಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಹಿಂದೊಮ್ಮೆ ಇದ್ದು ಈಗಿಲ್ಲದ ಟೆಥಿಸ್ ಸಾಗರದ ತಳ ಭೂಮಿಯೊಳಗೆ ಮುಳುಗಿ, ಆಫ್ರಿಕಾದ ಅಡಿಯ ಬಿಸಿ ರಾಶಿಯನ್ನು ಕದಡಿತು. ಅಲ್ಲಿಂದ ಎದ್ದ ಹಗುರ ಕಲ್ಲು ಈ ಜಾಗದ ಅಡಿಗೆ ಬಂತು; ಹಗುರವಾದ್ದರಿಂದ ಇಲ್ಲಿ ಗುರುತ್ವ ಕಡಿಮೆ. ಇಷ್ಟು ಸಾರ.

ಇಂಥ ಕತೆಯನ್ನು ಒಂದೇ ಶಾಸ್ತ್ರ ಹೇಳಲಾರದು. ಮೂರ್ನಾಲ್ಕು ಸೇರಬೇಕು. ನನ್ನ ಪೇಚಾಟ ಶುರುವಾಗುವುದೂ ಅಲ್ಲೇ. ಭೂಕಂಪದ ಅಲೆ ಓದುವವರಿಗೆ ಸುಮಾರು 2900 ಕಿ.ಮೀ. ಆಳದವರೆಗೂ ಮ್ಯಾಂಟಲ್ ಗಟ್ಟಿ. ದ್ರವದಲ್ಲಿ ಸಾಗದ ಎಸ್ ಅಲೆ ಅದರಲ್ಲಿ ಸಾಗುತ್ತದಲ್ಲ! ಚಲನೆಯ ಲೆಕ್ಕ ಹಾಕುವವರು ಅದೇ ಕಲ್ಲಿಗೆ ದ್ರವದ ಸಮೀಕರಣ ಹಚ್ಚುತ್ತಾರೆ: ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಖನಿಜವನ್ನು ಎರಡು ವಜ್ರಗಳ ತುದಿಯ ನಡುವೆ ಒತ್ತಿ ನೋಡುವವರನ್ನು ಕೇಳಿದರೆ, ಹರಳಿನೊಳಗೆ ಪರಮಾಣುಗಳು ಜಾಗ ಬದಲಿಸುತ್ತವೆ ಅನ್ನುತ್ತಾರೆ. ಮೂವರೂ ಸರಿಯೇ.

ನಾನು ‘ಗಟ್ಟಿ ಕಲ್ಲೇ ನಿಧಾನಕ್ಕೆ ಹರಿಯುತ್ತದೆ’ ಅಂತ ಬರೆದೆ. ಕರಡು ಓದಿದ ಮೇಷ್ಟ್ರೊಬ್ಬರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಗೀಚಿದರು: ‘ಕಲ್ಲು ಹರಿಯೋದುಂಟಾ? ಶಿಲಾರಸ ಅಂತ ಹಾಕಿ.’ ಅದಂತೂ ತಪ್ಪು. ಮ್ಯಾಂಟಲ್ ಅಂದರೆ ಕರಗಿದ ಕಲ್ಲಿನ ಕಡಲು ಅನ್ನುವ ಭ್ರಮೆ ಈಗಲೇ ಜಾಸ್ತಿ ಇದೆ.

ಆದರೆ ಕನ್ನಡದ ‘ಹರಿ’ ಬರೀ ನೀರಿನದಾ? ಹಾವು ಹರಿಯುತ್ತದೆ. ಮೈಮೇಲೆ ಇರುವೆ ಹರಿದ ಹಾಗಾಗುತ್ತದೆ. ಯಾವುದೂ ದ್ರವ ಅಲ್ಲ. (ಬಟ್ಟೆಯೂ ಹರಿಯುತ್ತದೆ, ಅದು ಬೇರೆ ತಕರಾರು.) ಹಾಗಾಗಿ ಕ್ರಿಯಾಪದ ತಡೆದುಕೊಳ್ಳುತ್ತದೆ ಅಂತಲೇ ನನಗನ್ನಿಸುತ್ತದೆ. ‘ಹರಿವು’ ಅಂತ ನಾಮಪದ ಮಾಡಿದ ಕೂಡಲೇ ಮಾತ್ರ ಹೊಳೆ ಕಣ್ಣಿಗೆ ಬರುತ್ತದೆ.

‘ತೆವಳು’ ಚೆನ್ನಾಗಿದೆ, ಆದರೆ ತೆವಳುವುದಕ್ಕೆ ಕೆಳಗೊಂದು ನೆಲ ಬೇಕು. ‘ಜರಿ’ ಅಂದರೆ ಗುಡ್ಡ ಒಮ್ಮೆಗೇ ಜರಿದ ಹಾಗೆ. ‘ಸರಿ’ ಅಂದರೆ ಆಕಾರ ಕೆಡದೆ ಇಡೀ ವಸ್ತು ಪಕ್ಕಕ್ಕೆ ಹೋದಂತೆ.

ನಮ್ಮೂರ ರಸ್ತೆ ಬದಿ ಒಂದು ಡಾಂಬರಿನ ಡ್ರಮ್ಮು ಉರುಳಿಬಿದ್ದಿತ್ತು. ಕಲ್ಲಲ್ಲಿ ಕುಟ್ಟಿದರೆ ಡಾಂಬರು ಚೂರಾಗುತ್ತಿತ್ತು. ತಿಂಗಳು ಬಿಟ್ಟು ನೋಡಿದರೆ ಬಾಯಿಂದ ಹೊರಗೆ ನಾಲಗೆ ಚಾಚಿತ್ತು. ಡಾಂಬರಿನಲ್ಲಿ ಹರಳಿಲ್ಲ, ಹೋಲಿಕೆ ಪೂರ್ತಿ ಕೂಡುವುದಿಲ್ಲ ನಿಜ. ಆದರೂ ನನಗೆ ಬೇಕಾದ ಕ್ರಿಯೆ ಅದೇ.

ಡಾಂಬರು, ಮೇಣ, ಕುಂಬಾರರ ಮಣ್ಣು ಹೀಗೆ ಗಟ್ಟಿಯಾಗಿದ್ದೇ ಮೆಲ್ಲಗೆ ಇಳಿಯುವುದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ?