ಅಪ್‌ಡೇಟ್: ಆರ್ಡರ್ ಪಟ್ಟಿ ಈಗ ತಕ್ಷಣ ತೆರೆಯುತ್ತಿದೆ

ಲೋ-ಕೋಡ್ ಟೂಲ್‌ನಲ್ಲಿ (ಹೆಚ್ಚು ಕೋಡ್ ಬರೆಯದೆ ಆ್ಯಪ್ ಕಟ್ಟುವ ಸಾಧನ) ಮಾಡಿದ ಆ್ಯಪ್‌ನಲ್ಲಿ ಆರ್ಡರ್ ಪಟ್ಟಿ ತೆರೆಯಲು 20 ಸೆಕೆಂಡ್ ಹಿಡಿಯುತ್ತೆ ಅಂತ ಹೋದ ವಾರ ಕೇಳಿದ್ದೆನಲ್ಲ, ಬಗೆಹರಿಯಿತು.

ಕ್ಯಾಶ್ (ಒಮ್ಮೆ ತಂದ ಡೇಟಾವನ್ನು ಉಳಿಸಿಟ್ಟು ಮತ್ತೆ ಅದನ್ನೇ ತೋರಿಸುವ ವ್ಯವಸ್ಥೆ) ಆನ್ ಮಾಡಿದಾಗ ವೇಗವೇನೋ ಬಂತು, ಆದರೆ ಈಗಷ್ಟೇ ಸೇರಿಸಿದ ಆರ್ಡರ್ ಕಾಣುತ್ತಿರಲಿಲ್ಲ. ತೆಗೆದುಬಿಟ್ಟೆ. ಸರ್ವರ್ ದೊಡ್ಡದು ಮಾಡಿದ್ದು ಸುಮ್ನೆ ದಂಡ.

ಕೈ ಹಿಡಿದಿದ್ದು 'ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ನೋಡಿ' ಎಂದವರ ಸಲಹೆ. ಬ್ರೌಸರ್‌ಗೆ ಏನೇನು ಡೇಟಾ ಬರುತ್ತಿದೆ ಅಂತ ಅದು ತೋರಿಸುತ್ತೆ. ನೋಡಿದರೆ 40,000 ಸಾಲುಗಳೂ ಬ್ರೌಸರ್‌ಗೆ ಇಳಿದು, ಆಮೇಲೆ ಅಲ್ಲಿ ಫಿಲ್ಟರ್ ಆಗುತ್ತಿದ್ದವು! ಫಿಲ್ಟರನ್ನು ಕ್ವೆರಿಯೊಳಗೇ (ಡೇಟಾಬೇಸ್‌ಗೆ ಕಳಿಸುವ ಕೋರಿಕೆ) ಹಾಕಿ, ಒಂದು ಸಲಕ್ಕೆ 50 ಸಾಲು ಮಾತ್ರ ಬರುವಂತೆ ಲಿಮಿಟ್ ಕೊಟ್ಟೆ. 3 ಸೆಕೆಂಡ್‌ಗೆ ಬಂತು.

ಉಳಿದದ್ದು ಪ್ರತಿ ಆರ್ಡರ್‌ನ ಐಟಂ ಎಣಿಸುವ ಕಡೆ. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್, ಪ್ರೈಮರಿ ಕೀಗೆ (ಪ್ರತಿ ಸಾಲನ್ನು ಗುರುತಿಸುವ ಐಡಿ) ತಾನೇ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಮಾಡುತ್ತದೆ, ಫಾರಿನ್ ಕೀಗೆ (ಬೇರೆ ಟೇಬಲ್‌ನ ಸಾಲನ್ನು ಸೂಚಿಸುವ ಐಡಿ) ಮಾಡುವುದಿಲ್ಲವಂತೆ. ಇಷ್ಟು ದಿನ ಮಾಡುತ್ತೆ ಅಂತಲೇ ನಂಬಿದ್ದೆ! ಐಟಂ ಟೇಬಲ್‌ನ ಆರ್ಡರ್ ಐಡಿ ಕಾಲಮ್‌ಗೆ ನಾನೇ ಒಂದು ಇಂಡೆಕ್ಸ್ ಹಾಕಿದೆ. ಈಗ ಲೋಡಿಂಗ್ ಚಕ್ರ ತಿರುಗುವುದೇ ಕಾಣಲ್ಲ.