ಸಹಾಯ ಬೇಕು: ಏಜೆನ್ಸಿಯಿಂದ ಬಾಕಿ ಹಣ ವಸೂಲಿ ಹೇಗೆ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಿಂದಲೇ, ಬೆಂಗಳೂರಿನ ನೇಮಕಾತಿ ಏಜೆನ್ಸಿಯೊಂದರ ಮೂಲಕ ಗುತ್ತಿಗೆಯ ಮೇಲೆ ಸಾಫ್ಟ್‌ವೇರ್ ಪರೀಕ್ಷೆಯ ಕೆಲಸ ಮಾಡಿದೆ. ಮಳೆಗಾಲದಲ್ಲಿ ಕರೆಂಟು ಹೋದಾಗ ತೋಟದ ದಿಬ್ಬ ಹತ್ತಿ, ಕೊಡೆ ಹಿಡಿದು, ಸಿಗ್ನಲ್ ಹುಡುಕಿ ಕಳಿಸಿದ ವರದಿಗಳವು. ಮೂರು ತಿಂಗಳ 1,26,000 ರೂಪಾಯಿ ಬಾಕಿ. ‘ಕಂಪನಿಯಿಂದ ನಮಗೇ ಬಂದಿಲ್ಲ’ ಎನ್ನುತ್ತಾರೆ. ಒಪ್ಪಂದದಲ್ಲಿ ಅಂಥ ಷರತ್ತೇ ಇಲ್ಲ. ತಮಾಷೆಯೆಂದರೆ, ಇದೇ ಬಿಲ್‌ಗಳ ಟಿಡಿಎಸ್ (ಹಣ ಕೊಡುವವರೇ ಕಡಿತ ಮಾಡಿ ನಮ್ಮ ಹೆಸರಲ್ಲಿ ಕಟ್ಟುವ ತೆರಿಗೆ) ನನ್ನ 26ಎಎಸ್‌ನಲ್ಲಿ, ಅಂದರೆ ಆದಾಯ ತೆರಿಗೆ ಇಲಾಖೆಯ ತೆರಿಗೆ ವಿವರಪಟ್ಟಿಯಲ್ಲಿ, ಕಾಣುತ್ತಿದೆ! ತೆರಿಗೆ ಕಟ್ಟಿದವರು ಬಿಲ್ ಒಪ್ಪಿದಂತಲ್ಲವೇ?

ವಸೂಲಿ ದಾವೆಗೆ 3 ವರ್ಷದ ಕಾಲಮಿತಿ ಇದೆಯೆಂದು ಗೊತ್ತು. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿಯನ್ನು ಕೆಲಸಕ್ಕೂ ಮೊದಲೇ ಮಾಡಿಸಿದ್ದೇನೆ. ಎಂಎಸ್‌ಎಂಇ ಸಮಾಧಾನ್‌ನಲ್ಲಿ (ಸಣ್ಣ ಉದ್ಯಮಗಳ ಬಾಕಿ ಹಣದ ದೂರಿಗಿರುವ ಸರ್ಕಾರಿ ಜಾಲತಾಣ) ದೂರು ಕೊಡಲೋ, ಮೊದಲು ವಕೀಲರ ನೋಟಿಸ್ ಕಳಿಸಲೋ? ಶಿವಮೊಗ್ಗದಲ್ಲಿ ಇಂಥ ಪ್ರಕರಣ ನಡೆಸಿದ ವಕೀಲರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.