ಕೀನ್ಯಾದ ಹಳ್ಳಿಯ ಅನಾಥಾಲಯದಲ್ಲಿ ಆರು ವಾರ: ದಿನಚರಿ ಹೇಗಿರುತ್ತದೆ, ನಾನೇನು ಮಾಡಬಲ್ಲೆ?

ಪ್ರಶ್ನೆ: ಹೊಂಗೆನೆರಳು

ನಮಸ್ಕಾರ. ನಾನು ಹಾಸನ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಇಪ್ಪತ್ತೊಂದು ವರ್ಷಗಳಿಂದ ಶಿಕ್ಷಕಿಯಾಗಿದ್ದೇನೆ. ಮುಂದಿನ ಬೇಸಿಗೆ ರಜೆಯಲ್ಲಿ, ಏಪ್ರಿಲ್ ಮಧ್ಯದಿಂದ ಆರು ವಾರಗಳ ಕಾಲ, ಪಶ್ಚಿಮ ಕೀನ್ಯಾದ ಸಿಯಾಯಾ ಕೌಂಟಿಯ ಹಳ್ಳಿಯೊಂದರ ಅನಾಥಾಲಯದಲ್ಲಿ ಸೇವೆ ಸಲ್ಲಿಸಬೇಕೆಂದುಕೊಂಡಿದ್ದೇನೆ. ನೈರೋಬಿಯಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ವಿಚಾರಿಸಿ ತಿಳಿಸಿದಂತೆ ಅಲ್ಲಿ 40 ಮಕ್ಕಳಿದ್ದಾರೆ. ಅಂಥ ಕಡೆ ದಿನ ಹೇಗೆ ಕಳೆಯುತ್ತದೆ, ಭಾಷೆ ಬಾರದ ನನ್ನಿಂದ ನಿಜವಾಗಿ ಏನು ಉಪಯೋಗವಾದೀತು, ಇಲ್ಲಿಂದ ಏನು ಸಿದ್ಧತೆ ಮಾಡಿಕೊಂಡು ಹೋಗಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿರಿ. ಚಿಕ್ಕ ಮಕ್ಕಳೊಡನೆ ಹೆಚ್ಚು ಹೊತ್ತು ಕಳೆಯಬೇಕೆಂಬುದು ನನ್ನ ಆಸೆ.

ಉತ್ತರ 1: ಬಿಳಿಜೋಳ

ಮೇಡಂ, ನಾನು ವೃತ್ತಿಯಲ್ಲಿ ನರ್ಸ್. ಅದೇ ಕೌಂಟಿಯ ಇನ್ನೊಂದು ಮಕ್ಕಳ ಮನೆಯಲ್ಲಿ ಎಂಟು ತಿಂಗಳು ಇದ್ದೆ.

ಸಮಭಾಜಕ ವೃತ್ತದ ಪಕ್ಕದ ಊರಾದ್ದರಿಂದ ವರ್ಷವಿಡೀ ಬೆಳಿಗ್ಗೆ ಆರೂವರೆಯ ಹೊತ್ತಿಗೆ ಬೆಳಕು ಹರಿಯುತ್ತದೆ, ಸಂಜೆ ಏಳರ ಹೊತ್ತಿಗೆ ಕತ್ತಲಾಗುತ್ತದೆ. ಅಲ್ಲಿಯವರು ಗಂಟೆಯನ್ನು ಎಣಿಸುವುದೂ ಸೂರ್ಯನಿಂದಲೇ. ಬೆಳಿಗ್ಗೆ ಏಳು ಅವರಿಗೆ ಒಂದನೆಯ ಗಂಟೆ, ಆದ್ದರಿಂದ ಸ್ವಾಹಿಲಿ ಭಾಷೆಯಲ್ಲಿ "ಸಾ ಮ್ಬಿಲಿ", ಅಂದರೆ ಎರಡು ಗಂಟೆಗೆ, ಬನ್ನಿ ಎಂದರೆ ನಮ್ಮ ಎಂಟು ಗಂಟೆಗೆ ಹೋಗಬೇಕು. ಮನೆ ನೋಡಿಕೊಳ್ಳುವ ಹೆಂಗಸರು ಐದಕ್ಕೇ ಎದ್ದು ಸೌದೆ ಒಲೆಯ ಮೇಲೆ "ಉಜಿ" ಎಂಬ ಗಂಜಿ ಕಾಯಿಸುತ್ತಾರೆ. ನಾನಿದ್ದ ಮನೆಯಲ್ಲಿ ಹಿಂದಿನ ರಾತ್ರಿಯೇ ಹಿಟ್ಟು ಕಲಸಿಟ್ಟು ಹುಳಿ ಬರಿಸುತ್ತಿದ್ದರು. ಮೊದಲ ದಿನ ಆ ವಾಸನೆ ಮೂಗಿಗೆ ಬಡಿದಾಗ ನನಗೆ ನಮ್ಮೂರಿನ ಅಂಬಲಿಯೇ ನೆನಪಾಯಿತು, ಏಕೆಂದರೆ ಅವರು "ವಿಂಬಿ" ಎನ್ನುವ ಧಾನ್ಯ ನಮ್ಮ ರಾಗಿಯೇ. ರಾಗಿ ಮೊದಲು ಹುಟ್ಟಿದ್ದೂ ಪೂರ್ವ ಆಫ್ರಿಕದ ಎತ್ತರದ ನಾಡಿನಲ್ಲಿ. ರಾತ್ರಿಯೂಟಕ್ಕೆ ಮೆಕ್ಕೆಜೋಳದ ಹಿಟ್ಟಿನ "ಉಗಾಲಿ" ಮತ್ತು "ಸುಕುಮಾ ವಿಕಿ" ಸೊಪ್ಪಿನ ಪಲ್ಯ ಇರುತ್ತದೆ. ನಲವತ್ತು ಜನಕ್ಕೆ ಆಗುವಷ್ಟು ಉಗಾಲಿಯನ್ನು ಮುದ್ದೆ ಕೋಲಿನಂಥ ಮರದ ಕೋಲಿನಿಂದ ತಿರುವುವುದಕ್ಕೆ ರಟ್ಟೆಯಲ್ಲಿ ಶಕ್ತಿ ಬೇಕು. ಅಲ್ಲಿ ಒಬ್ಬರು ದಣಿದರೆ ಇನ್ನೊಬ್ಬರು ಕೈ ಕೊಡುತ್ತಿದ್ದರು. ಸೊಪ್ಪು ಹೆಚ್ಚುವುದಕ್ಕೆ ಮಣೆ ಇಲ್ಲ. ಎಲೆಗಳನ್ನು ಒಂದರ ಮೇಲೊಂದು ಇಟ್ಟು ಸುರುಳಿ ಸುತ್ತಿ, ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ಬಲಗೈಯ ಚಾಕುವಿನಿಂದ ನೂಲಿನೆಳೆಯಂತೆ ಸೀಳುತ್ತಾರೆ. ಅದನ್ನು ಕಲಿಯಲು ನನಗೆ ಎರಡು ವಾರ ಹಿಡಿಯಿತು, ಆದರೆ ಅಡುಗೆಮನೆಯವರು ನನ್ನನ್ನು ತಮ್ಮವಳೆಂದು ಮಾತಾಡಿಸತೊಡಗಿದ್ದು ಅದನ್ನು ಕಲಿತ ಮೇಲೆಯೇ.

ಉಳಿದದ್ದೆಲ್ಲ ದೊಡ್ಡ ಸಂಸಾರದ ಮನೆಗೆಲಸ. ಇಪ್ಪತ್ತು ಲೀಟರಿನ ಹಳದಿ ಕ್ಯಾನುಗಳಲ್ಲಿ ನೀರು ತರಬೇಕು, ಸಮವಸ್ತ್ರ ಒಗೆಯಬೇಕು, ಹುರುಳಿಕಾಯಿ ಬೀಜದಲ್ಲಿ ಕಲ್ಲು ಆರಿಸಬೇಕು, ಕತ್ತಲಾಗುವ ಮೊದಲು ಸೊಳ್ಳೆಪರದೆಗಳನ್ನು ಹಾಸಿಗೆಯಡಿಗೆ ಸಿಕ್ಕಿಸಬೇಕು. ವಿಕ್ಟೋರಿಯಾ ಸರೋವರದ ಸುತ್ತಿನ ಆ ಸೀಮೆಯಲ್ಲಿ ಮಲೇರಿಯಾ ಹೆಚ್ಚು. ಪರದೆ ಹರಿದಿದ್ದರೆ ಅಂದೇ ಹೊಲಿಯಬೇಕು. ಸೂಜಿ, ಗಟ್ಟಿ ದಾರ ತೆಗೆದುಕೊಂಡು ಹೋಗಿ.

ಈಗ ನಿಮ್ಮ ಆಸೆಯ ವಿಷಯ. ಅಲ್ಲಿ "ಮಾಮಾ" ಎಂದರೆ ತಾಯಿ; ಮಕ್ಕಳು ತಮ್ಮನ್ನು ನೋಡಿಕೊಳ್ಳುವ ಹೆಂಗಸರನ್ನು ಹಾಗೆ ಕರೆಯುತ್ತಾರೆ. ನಾನು ಹೋದ ಮೂರನೆಯ ದಿನವೇ ನಾಲ್ಕು ವರ್ಷದ ಹುಡುಗನೊಬ್ಬ ನನ್ನ ತೊಡೆಯೇರಿದ. ಪ್ರತಿ ಸಂಜೆ ಅಲ್ಲೇ ನಿದ್ದೆ ಹೋಗುತ್ತಿದ್ದ, ನಾನೂ ಅದನ್ನು ಪ್ರೀತಿಯೆಂದೇ ತಿಳಿದೆ. ನಾನು ಹೊರಟುಬಂದ ಮೇಲೆ ಅವನು ಹಲವು ದಿನ ಸಂಜೆ ಗೇಟಿನ ಹತ್ತಿರ ನಿಂತಿರುತ್ತಿದ್ದನೆಂದೂ, ತನ್ನ ಮಾಮಾ ಕರೆದರೂ ಊಟಕ್ಕೆ ಬರುತ್ತಿರಲಿಲ್ಲವೆಂದೂ ಆಕೆಯೇ ನನಗೆ ಫೋನಿನಲ್ಲಿ ಹೇಳಿದರು. ಒಮ್ಮೆ ಹೆತ್ತವರನ್ನು ಕಳೆದುಕೊಂಡ ಮಗುವಿಗೆ ನಾನು ಇನ್ನೊಂದು ಅಗಲಿಕೆಯನ್ನು ಕೊಟ್ಟು ಬಂದಿದ್ದೆ. ಅಪರಿಚಿತರನ್ನು ಕಂಡ ಕೂಡಲೇ ಓಡಿ ಬಂದು ಅಪ್ಪಿಕೊಳ್ಳುವ ಮಗು ಸಂತೋಷದಿಂದ ಮಾತ್ರ ಹಾಗೆ ಮಾಡುವುದಿಲ್ಲ. ಬಂದವರೆಲ್ಲ ಹೋಗುವುದನ್ನು ನೋಡಿ ನೋಡಿ ಯಾರಾದರೂ ಸರಿ ಎಂಬ ಸ್ಥಿತಿಗೆ ಅದು ಬಂದಿರುತ್ತದೆ. ಆದ್ದರಿಂದ ಮಗುವಿನ ಮೈ ತೊಳೆಸುವುದು, ಉಣಿಸುವುದು, ಮಲಗಿಸುವುದು ಆ ತಾಯಂದಿರ ಕೈಯಲ್ಲೇ ಇರಲಿ. ನೀವು ನೀರು ಹೊತ್ತು, ಬಟ್ಟೆ ಒಗೆದು, ಅವರಿಗೆ ಮಗುವಿನ ಜೊತೆ ಕೂರಲು ಒಂದು ಗಂಟೆ ಬಿಡುವು ಮಾಡಿಕೊಡಿ. ಆರು ವಾರದಲ್ಲಿ ಇದಕ್ಕಿಂತ ಹೆಚ್ಚಿನ ಉಪಕಾರ ನನಗೆ ತೋಚುವುದಿಲ್ಲ.

ಉತ್ತರ 2: ಕಬಿನಿತೀರ

ನಾನು ಹನ್ನೊಂದು ವರ್ಷಗಳಿಂದ ನೈರೋಬಿಯಲ್ಲಿದ್ದೇನೆ. ಮೊದಲು ಕಾಗದಪತ್ರದ ಮಾತು. 2024ರ ಜನವರಿಯಿಂದ ಕೀನ್ಯಾಕ್ಕೆ ವೀಸಾ ಬದಲು ಆನ್‌ಲೈನ್ ಪ್ರಯಾಣಾನುಮತಿ ಇದೆ, ಆದರೆ ಪ್ರವಾಸಿಯ ಅನುಮತಿಯ ಮೇಲೆ ಸಂಬಳವಿಲ್ಲದ ಕೆಲಸವನ್ನೂ ಮಾಡುವಂತಿಲ್ಲ. ಅಲ್ಪಾವಧಿಗೆ ವಿಶೇಷ ಪಾಸ್ ಬೇಕು, ಅದಕ್ಕೆ ಆ ಸಂಸ್ಥೆಯೇ ಅರ್ಜಿ ಹಾಕಲಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಿ. ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಮರಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ತಂದೆ ತಾಯಿಯರಲ್ಲಿ ಒಬ್ಬರು ತೀರಿಕೊಂಡಿದ್ದರೂ ಯುನಿಸೆಫ್ ಲೆಕ್ಕದಲ್ಲಿ ಆ ಮಗು ಅನಾಥವೇ. ಏಡ್ಸ್‌ನಿಂದ ತುಂಬ ಸಾವು ಕಂಡ ಆ ಸರೋವರ ಸೀಮೆಯಲ್ಲಿ ಹೆತ್ತವರಿಲ್ಲದ ಮಕ್ಕಳಲ್ಲಿ ಎಷ್ಟೋ ಜನರನ್ನು ಸಾಕಿದವರು ಅಜ್ಜಿಯರೇ. ಅಂಥ ಮನೆಗಳಿಗಾಗಿ ಸರ್ಕಾರ 2004ರಲ್ಲಿ ನಗದು ನೆರವಿನ ಯೋಜನೆ ಆರಂಭಿಸಿತು. 2017ರಲ್ಲಿ ಹೊಸ ಮಕ್ಕಳ ಸಂಸ್ಥೆಗಳ ನೋಂದಣಿಯನ್ನೇ ತಡೆಹಿಡಿಯಿತು, 2022ರಿಂದ 2032ರವರೆಗಿನ ರಾಷ್ಟ್ರೀಯ ಕಾರ್ಯನೀತಿಯಂತೆ ಮಕ್ಕಳನ್ನು ಹಂತಹಂತವಾಗಿ ಕುಟುಂಬಗಳಿಗೆ ಸೇರಿಸುತ್ತಿದೆ. ನೀವು ಹೋಗುವ ಏಪ್ರಿಲ್‌ನಲ್ಲಿ ಅಲ್ಲಿಯೂ ಶಾಲೆಗೆ ಕೆಲವು ವಾರ ರಜೆ ಇರುತ್ತದೆ. ಆ ರಜೆಗೆ ಎಷ್ಟು ಮಕ್ಕಳು ನೆಂಟರ ಮನೆಗೆ ಹೋಗುತ್ತಾರೆಂದು ಕೇಳಿ ನೋಡಿ. "ಯಾರೂ ಹೋಗುವುದಿಲ್ಲ, ಅತಿಥಿಗಳು ಬರುತ್ತಾರಲ್ಲ" ಎಂಬ ಉತ್ತರ ಬಂದರೆ ದಯವಿಟ್ಟು ಹೋಗಬೇಡಿ. ನೋಂದಣಿಯ ವಿಚಾರವನ್ನು ಅಲ್ಲಿನ ಮಕ್ಕಳ ಇಲಾಖೆಯ ಅಧಿಕಾರಿಯಲ್ಲಿ ನಿಮ್ಮ ತಮ್ಮನೇ ವಿಚಾರಿಸಬಹುದು.

ಹೊಂಗೆನೆರಳು

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಗೇಟಿನ ಹತ್ತಿರ ನಿಂತ ಆ ಮಗುವಿನ ವಿಷಯ ಓದಿ ಎರಡು ದಿನ ಬೇರೇನೂ ಬರೆಯಲಾಗಲಿಲ್ಲ. ತಮ್ಮನಿಂದ ಕೇಳಿಸಿದೆ. 40 ಮಕ್ಕಳಲ್ಲಿ 26 ಮಕ್ಕಳು ರಜೆಗೆ ಅಜ್ಜಿಯ ಅಥವಾ ಚಿಕ್ಕಮ್ಮನ ಮನೆಗೆ ಹೋಗುತ್ತಾರಂತೆ, ಸಂಸ್ಥೆಯ ಸಮಾಜ ಕಾರ್ಯಕರ್ತೆ ಬೈಕಿನಲ್ಲಿ ಮನೆ ಮನೆಗೆ ಹೋಗಿ ನೋಡಿ ಬರುತ್ತಾರಂತೆ. ಶಾಲೆ ಮತ್ತೆ ತೆರೆಯುವವರೆಗೆ ಆಕೆಯ ಜೊತೆ ಹೋಗಿ, ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಅವರವರ ಮನೆಯಂಗಳದಲ್ಲೇ ಪಾಠ ಹೇಳಬಹುದೇ? ಪಾಸ್‌ಗೆ ಅರ್ಜಿ ಹಾಕಲು ಒಪ್ಪಿದ್ದಾರೆ.

ಉತ್ತರ 3: ಬಿಳಿಜೋಳ

ಖಂಡಿತ ಹೇಳಬಹುದು ಮೇಡಂ, ಸಣ್ಣವರಿಗೆ ಅಲ್ಲಿನ ಮನೆಮಾತಾದ ಲುವೊ ಭಾಷೆಯೇ ಬೇಕಾದೀತು, ಆದರೆ ನಾಲ್ಕನೆಯ ತರಗತಿ ದಾಟಿದವರು ಇಂಗ್ಲಿಷಿನಲ್ಲೇ ಓದುತ್ತಾರೆ. ಲೆಕ್ಕವನ್ನು ಹುರುಳಿಕಾಯಿ ಬೀಜ ಇಟ್ಟು ಹೇಳಿಕೊಡಿ, ಅಜ್ಜಿಯೂ ಪಕ್ಕದಲ್ಲಿ ಕೂತು ನೋಡುವಂತಿರಲಿ. ಅದು ಮುಂಗಾರಿನಂಥ ದೊಡ್ಡ ಮಳೆಯ ಕಾಲ, ಮಣ್ಣಿನ ದಾರಿಯಲ್ಲಿ ಬೈಕು ಹೂತುಕೊಳ್ಳುತ್ತದೆ. ಮೊಣಕಾಲುದ್ದದ ರಬ್ಬರ್ ಬೂಟುಗಳನ್ನು ಅಲ್ಲಿನ ಸಂತೆಯಲ್ಲೇ ಕೊಳ್ಳಿ. ಅಜ್ಜಿಯ ಮನೆಗೆ ಬರಿಗೈಯಲ್ಲಿ ಹೋಗಬೇಡಿ, ಸಕ್ಕರೆಯನ್ನೋ ಚಹಾಪುಡಿಯನ್ನೋ ಒಯ್ದರೆ ಸಾಕು.